ಪಾಷಾಣ, ಬೆಕ್ಕು ಮತ್ತು ಗುಮಾನಿ

ಆರ್.ಟಿ. ನಗರದ ನಮ್ಮ ಮನೆಯಲ್ಲಿ ಒಂದು ಬೆಕ್ಕಿದೆ. ಹೆಸರು ಮಾನೊ. ಉರ್ದು ಮಾತನಾಡುವ ಮನೆಗಳಲ್ಲಿ ಬೆಕ್ಕಿಗೆ ಈ ಹೆಸರಿಡುವುದು ಎಷ್ಟು ಸಾಮಾನ್ಯವೆಂದರೆ, ನಮ್ಮ ಬೀದಿಯಲ್ಲಿ ನಿಂತು ಕೂಗಿದರೆ ಯಾರ ಮನೆಯ ಮಾನೊ ಓಡಿ ಬರುತ್ತದೋ ಹೇಳಲಾಗದು. ಒಂದು ಮಳೆಗಾಲದ ಬೆಳಿಗ್ಗೆ ಅದು ಮಂಚದ ಕೆಳಗೆ ಮುದುಡಿಕೊಂಡು ನಡುಗುತ್ತಿತ್ತು. ಕಿವಿಗಳು ಅದುರುತ್ತಿದ್ದವು, ಬೆನ್ನಿನ ಚರ್ಮ ಅಲೆಯಂತೆ ಏಳುತ್ತಿತ್ತು, ನಿಲ್ಲಿಸಿದರೆ ಹಿಂಗಾಲು ನಿಲ್ಲುತ್ತಿರಲಿಲ್ಲ. ಅಮ್ಮಿ ನೋಡಿದ ಕೂಡಲೇ ಹೇಳಿಬಿಟ್ಟರು: "ಕೋನ್ ಕಿ ಕುಚ್ ಖಿಲಾದಿಯೇ ಇಸ್ಕು." ಯಾರೋ ಇದಕ್ಕೆ ಏನೋ ತಿನ್ನಿಸಿದ್ದಾರೆ.

'ಯಾರೋ' ಎಂಬ ಪದಕ್ಕೆ ಮುಖ ಮೂಡಲು ನಮಗೆ ಐದು ನಿಮಿಷವೂ ಬೇಕಾಗಲಿಲ್ಲ. ಮೇಲಿನ ಮನೆಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರಿದ್ದಾರೆ. ಬೀದಿಯೆಲ್ಲ ಅವರನ್ನು ಟೀಚರಮ್ಮ ಎಂದೇ ಕರೆಯುತ್ತದೆ. ಎರಡು ದಿನಗಳ ಹಿಂದೆಯಷ್ಟೇ ಅವರ ಅಡುಗೆಮನೆಗೆ ಜಿರಳೆಯ ಔಷಧಿ ಹಚ್ಚಲು ಒಬ್ಬ ಹುಡುಗ ಬಂದು ಹೋಗಿದ್ದ. ಅದಕ್ಕೂ ಮೊದಲು ಟೀಚರಮ್ಮ, "ನಿಮ್ಮ ಬೆಕ್ಕು ನಮ್ಮ ತುಳಸಿ ಕುಂಡದ ಮಣ್ಣು ಕೆದರುತ್ತದಪ್ಪಾ" ಎಂದು ಎರಡು ಸಲ ಹೇಳಿದ್ದರು. ಎರಡು ಮತ್ತು ಎರಡನ್ನು ಕೂಡಿ ನಾಲ್ಕು ಮಾಡುವುದಕ್ಕೆ ಮನುಷ್ಯನಿಗೆ ಎಷ್ಟು ಹೊತ್ತು ಬೇಕು? ಆ ಸಂಜೆ ಅವರು ಎಂದಿನಂತೆ ಒಂದು ಸ್ಟೀಲ್ ಡಬ್ಬದಲ್ಲಿ ಏನೋ ತಂದುಕೊಟ್ಟು ಹೋದರು. ಯುಗಾದಿಗೆ ಹೋಳಿಗೆ, ಈದಿಗೆ ಶೀರ್‌ಖುರ್ಮಾ, ಮಧ್ಯೆ ಮಧ್ಯೆ ಕೋಡುಬಳೆ, ಸಮೋಸ — ಆ ಮೆಟ್ಟಿಲ ಮೇಲೆ ಡಬ್ಬಗಳು ಹತ್ತಿ ಇಳಿದು ಹನ್ನೊಂದು ವರ್ಷಗಳಾಗಿದ್ದವು. ಆ ದಿನ ಮಾತ್ರ ಡಬ್ಬದ ಮುಚ್ಚಳವನ್ನು ನಮ್ಮ ಮನೆಯಲ್ಲಿ ಯಾರೂ ತೆರೆಯಲಿಲ್ಲ.

ಈ ಲೇಖನ ಆ ತೆರೆಯದ ಡಬ್ಬದಿಂದ ಹುಟ್ಟಿದ್ದು. ಬೆಕ್ಕಿನ ಕತೆಯನ್ನು ಕೊನೆಯಲ್ಲಿ ಹೇಳುತ್ತೇವೆ. ಅದಕ್ಕೂ ಮೊದಲು, ಒಂದು ಜೀವಿಗೆಂದು ಇಟ್ಟ ವಿಷ ಇನ್ನೊಂದು ಜೀವಿಯ ಬಾಯಿಗೆ ಬೀಳುವ, ಬಿದ್ದಿತೆಂದು ನಾವು ಶಂಕಿಸುವ ಚರಿತ್ರೆಯನ್ನು ಸ್ವಲ್ಪ ನೋಡೋಣ.

ಹೆಸರಿನೊಳಗೇ ಇರುವ ವಿಷ

ಮೊದಲು ಪದಗಳನ್ನೇ ಗಮನಿಸಿ. 'ಗುಮಾನಿ' ಎಂದು ಕನ್ನಡದ ಪತ್ರಿಕೆಗಳೂ ಪೊಲೀಸರೂ ನಿತ್ಯ ಬಳಸುತ್ತಾರೆ. ಅದು ಫಾರಸಿಯ 'ಗುಮಾನ್'ನಿಂದ ಬಂದದ್ದು. ಉರ್ದುವಿನಲ್ಲಿ ಗುಮಾನ್ ಎಂದರೆ ಬರೀ ಊಹೆ, ಭಾವನೆ. ಕೆಟ್ಟ ಊಹೆಗೆ 'ಬದ್‌ಗುಮಾನಿ' ಎಂಬ ಬೇರೆ ಪದವಿದೆ. ಕನ್ನಡಕ್ಕೆ ಬರುವ ದಾರಿಯಲ್ಲಿ 'ಬದ್' ಉದುರಿ ಹೋಯಿತು, ಅದರ ಅರ್ಥ ಮಾತ್ರ ಉಳಿದುಕೊಂಡಿತು. ನಮ್ಮ ಭಾಷೆಯಲ್ಲಿ ಗುಮಾನಿ ಎಂದರೆ ಕೆಟ್ಟದ್ದೇ.

ವಿಷಕ್ಕೂ ನಮ್ಮಲ್ಲಿ ಹಳೆಯ ಹೆಸರುಗಳಿವೆ. ಹಳ್ಳಿಗಳಲ್ಲಿ ಇಲಿಯ ಮದ್ದಿಗೆ ಈಗಲೂ 'ಇಲಿ ಪಾಷಾಣ' ಎನ್ನುತ್ತಾರೆ. ಪಾಷಾಣವೆಂದರೆ ಕಲ್ಲು, ಇಲ್ಲಿ ಅದು ಆರ್ಸೆನಿಕ್ ಎಂಬ ಖನಿಜವಿಷದ ಹೆಸರು. ಉರ್ದುವಿನಲ್ಲಿ ಅದೇ ಸಂಖಿಯಾ. ನಾಯಿಯನ್ನು ಕೊಲ್ಲಲು ಬಳಸುತ್ತಿದ್ದ ವಿಷ ಕಾಸರಕದ ಬೀಜ. ಉರ್ದುವಿನಲ್ಲಿ ಕುಚಲಾ. ಯುನಾನಿ ಹಕೀಮರು ಅದನ್ನು ಅಜ಼ರಾಖಿ ಎಂದು ಕರೆದು, ಶುದ್ಧಿ ಮಾಡಿ, ನರಗಳ ದೌರ್ಬಲ್ಯಕ್ಕೆ ಔಷಧಿಯಾಗಿ ಕೊಡುತ್ತಿದ್ದರು. 1818ರಲ್ಲಿ ಫ್ರಾನ್ಸಿನ ಪೆಲ್ಲೆಟಿಯೆ ಮತ್ತು ಕವಾಂಟು ಎಂಬ ಇಬ್ಬರು ರಸಾಯನ ವಿಜ್ಞಾನಿಗಳು ಈ ಜಾತಿಯ ಬೀಜಗಳಿಂದ ಸ್ಟ್ರಿಕ್ನಿನ್ ಎಂಬ ವಿಷವನ್ನು ಬೇರ್ಪಡಿಸಿದರು. ಒಂದೇ ಬೀಜ ಹಕೀಮರ ಕೈಯಲ್ಲಿ ಮದ್ದು, ಮಾಂಸದ ತುಂಡಿನೊಳಗೆ ಸಾವು. ಕಾಸರಕದ ಮರಗಳು ಹೆಚ್ಚಿದ್ದರಿಂದಲೇ ಕಾಸರಗೋಡಿಗೆ ಆ ಹೆಸರು ಬಂದಿತೆಂಬ ಮಾತೊಂದಿದೆ. ಕಾಸರಗೋಡಿಗೆ ನಾವು ಮತ್ತೆ ಬರಲಿಕ್ಕಿದೆ.

1860ರ ಭಾರತೀಯ ದಂಡ ಸಂಹಿತೆ ಈ ವಿಷಯದಲ್ಲಿ ಬಹಳ ವ್ಯಾವಹಾರಿಕವಾಗಿತ್ತು. ವಿಷವಿಟ್ಟು ಪ್ರಾಣಿಯನ್ನು ಕೊಲ್ಲುವುದನ್ನು ಅಪರಾಧವೆಂದ 428ನೇ ಕಲಮು, ಆ ಪ್ರಾಣಿಗೆ ಹತ್ತು ರೂಪಾಯಿಯಾದರೂ ಬೆಲೆ ಇರಬೇಕು ಎಂದು ಬಯಸಿತು. 429ನೇ ಕಲಮು ಆನೆ, ಒಂಟೆ, ಕುದುರೆ, ಎತ್ತು, ಹಸುಗಳ ಹೆಸರು ಹಿಡಿದು ಹೇಳಿ, ಉಳಿದವಕ್ಕೆ ಐವತ್ತು ರೂಪಾಯಿ ಎಂದು ಗೆರೆ ಎಳೆಯಿತು. ಬೆಕ್ಕಿನ ಹೆಸರು ಎಲ್ಲಿಯೂ ಇಲ್ಲ. 1960ರಲ್ಲಿ ಬಂದ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ, ಬೇಕೆಂದೇ ಪ್ರಾಣಿಗೆ ಹಾನಿಕರ ಮದ್ದು ಕೊಡುವುದು ಬೆಲೆಯ ಪ್ರಶ್ನೆಯಿಲ್ಲದೆ ಕ್ರೌರ್ಯವಾಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮು ಹತ್ತು, ಐವತ್ತರ ಲೆಕ್ಕವನ್ನು ಕೈಬಿಟ್ಟಿದೆ. ಒಂದು ಬೆಕ್ಕಿಗೆ ಕಾನೂನಿನಲ್ಲಿ ಬೆಲೆಯ ಹಂಗಿಲ್ಲದ ಜೀವವೆಂದು ಸ್ಥಾನ ಸಿಗಲು ಇಷ್ಟು ಕಾಲ ಬೇಕಾಯಿತು.

ಹೆಬ್ಬಾಳದ ರಸ್ತೆ

ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ಆಟೋ ಹತ್ತಿದ ನಾವು ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳದ ಕಡೆ ಹೊರಟೆವು. ಈ ರಸ್ತೆಯಲ್ಲಿ ವರ್ಷಗಟ್ಟಲೆ ಓಡಾಡಿಯೂ ನಾವು ಒಂದು ಸಂಗತಿಯನ್ನು ಗಮನಿಸಿರಲಿಲ್ಲ. ಕೀಟವನ್ನು ಹೇಗೆ ಕೊಲ್ಲಬೇಕೆಂದು ಕಲಿತ ಜಾಗವೂ, ಪ್ರಾಣಿಯನ್ನು ಹೇಗೆ ಉಳಿಸಬೇಕೆಂದು ಕಲಿತ ಜಾಗವೂ ಇಲ್ಲಿ ಅಕ್ಕಪಕ್ಕದಲ್ಲೇ ಇವೆ.

ಹೆಬ್ಬಾಳದ ಕೃಷಿ ಪ್ರಯೋಗಗಳ ಕತೆ 1899ಕ್ಕೆ ಹೋಗುತ್ತದೆ. ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಮೈಸೂರಿನ ರೀಜೆಂಟ್ ಆಗಿದ್ದ ಕಾಲದಲ್ಲಿ ಇಲ್ಲಿ ಮೂವತ್ತು ಎಕರೆ ಭೂಮಿ ಕೊಟ್ಟರು. 1908ರಲ್ಲಿ ಕೆನಡಾದ ಲೆಸ್ಲಿ ಕೋಲ್‌ಮನ್ ಮೈಸೂರು ಸಂಸ್ಥಾನಕ್ಕೆ ಬಂದರು. ಶಿಲೀಂಧ್ರ ಮತ್ತು ಕೀಟ ಎರಡೂ ಅವರ ವಿಷಯ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಮಲೆನಾಡಿನ ತೋಟಗಳಿಗೆ ತಲುಪಿಸಿದವರು ಅವರು. ಜೋಳದ ಬೆಳೆ ತಿನ್ನುವ ರೆಕ್ಕೆಯಿಲ್ಲದ ಒಂದು ಮಿಡತೆಗೆ ವಿಜ್ಞಾನಿಗಳು 'ಕೋಲ್‌ಮೇನಿಯಾ' ಎಂದು ಅವರ ಹೆಸರನ್ನೇ ಇಟ್ಟರು. 1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆ ಆರಂಭವಾಯಿತು, 1946ರಲ್ಲಿ ಅದು ಕಾಲೇಜಾಯಿತು, 1964ರಲ್ಲಿ ಕೃಷಿ ವಿಶ್ವವಿದ್ಯಾಲಯ ಬಂತು.

ಇನ್ನೊಂದು ಕಡೆ, 1925ರಲ್ಲಿ ಹೆಬ್ಬಾಳದಲ್ಲಿ ಸೀರಂ ಇನ್‌ಸ್ಟಿಟ್ಯೂಟ್ ಸ್ಥಾಪನೆಯಾಯಿತು. ದನಗಳ ಮಂದೆಗೆ ಮಂದೆಯನ್ನೇ ಮಲಗಿಸಿಬಿಡುತ್ತಿದ್ದ ದೊಡ್ಡರೋಗಕ್ಕೆ ಸೀರಂ ತಯಾರಿಸುವುದು ಅದರ ಕೆಲಸ. 1958ರಲ್ಲಿ ಪಶುವೈದ್ಯಕೀಯ ಕಾಲೇಜು ಬಂತು. 2011ರಲ್ಲಿ ಇಡೀ ಜಗತ್ತೇ ದೊಡ್ಡರೋಗದಿಂದ ಮುಕ್ತವಾಯಿತೆಂದು ಸಾರಲಾಯಿತು. ಮನುಷ್ಯ ಭೂಮಿಯಿಂದ ಅಳಿಸಿಹಾಕಿದ ಮೊದಲ ಪ್ರಾಣಿರೋಗ ಅದು. ಆ ಯಶಸ್ಸಿನಲ್ಲಿ ಹೆಬ್ಬಾಳದಂಥ ಊರುಗಳ ಪಾಲೂ ಇದೆ. ಈಗ ಯಲಹಂಕದ ರಾಮಗೊಂಡನಹಳ್ಳಿಯಲ್ಲಿ ಪಶುರೋಗಗಳ ಹರಡುವಿಕೆಯನ್ನು ಅಧ್ಯಯನ ಮಾಡುವ ರಾಷ್ಟ್ರೀಯ ಸಂಸ್ಥೆಯಿದೆ. ಹೆಬ್ಬಾಳದಲ್ಲಿ ಕೃಷಿ ಕೀಟಗಳ ರಾಷ್ಟ್ರೀಯ ಕೇಂದ್ರವಿದೆ. ಈ ಎರಡನೆಯದರ ವಿಶೇಷವೆಂದರೆ, ಕೀಟವನ್ನು ವಿಷದಿಂದಲ್ಲ, ಇನ್ನೊಂದು ಕೀಟದಿಂದ ಹತೋಟಿಗೆ ತರುವ ವಿದ್ಯೆಯನ್ನು ಬೆಳೆಸಿದ ಪರಂಪರೆ ಅದರದು.

ಮೊದಲು ಬಿದ್ದವರು

ಮನುಷ್ಯನಿಗೆ ಬರುವ ಆಪತ್ತನ್ನು ಪ್ರಾಣಿಗಳು ಮೊದಲು ಸಾರುತ್ತವೆ ಎಂಬುದು ಬೆಂಗಳೂರಿಗೆ ಗೊತ್ತಿಲ್ಲದ್ದೇನಲ್ಲ. 1898ರ ಆಗಸ್ಟಿನಲ್ಲಿ ಪ್ಲೇಗು ನಗರಕ್ಕೆ ಬಂತು. ಆಗಿನ ಹಿರಿಯರು 'ಇಲಿ ಬಿತ್ತು' ಎಂದರೆ ಅದರ ಅರ್ಥ ಎಲ್ಲರಿಗೂ ತಿಳಿಯುತ್ತಿತ್ತು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಜನ ಗಂಟುಮೂಟೆ ಕಟ್ಟಿಕೊಂಡು ಊರಾಚೆಯ ಗುಡಿಸಲುಗಳಿಗೆ ಹೋಗುತ್ತಿದ್ದರು. ಆ ಪ್ಲೇಗಿನ ಹೆದರಿಕೆ ಮಲ್ಲೇಶ್ವರ, ಬಸವನಗುಡಿಗಳ ಅಗಲ ರಸ್ತೆಗಳ ಬೆಳವಣಿಗೆಗೆ ವೇಗ ಕೊಟ್ಟಿತು.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಗಳ ಜನ ಜ್ವರದಿಂದ ಮಲಗಿದರು. ಮಂಗಗಳ ಸಾವು ಕಂಡು, ಆಫ್ರಿಕದ ಹಳದಿ ಜ್ವರ ಭಾರತಕ್ಕೆ ಬಂದೇಬಿಟ್ಟಿತೇ ಎಂದು ವಿಜ್ಞಾನಿಗಳು ಹೆದರಿದರು. ಅದು ಹಳದಿ ಜ್ವರವಾಗಿರಲಿಲ್ಲ. ಉಣ್ಣೆಗಳಿಂದ ಹರಡುವ ಹೊಸ ವೈರಾಣುವಾಗಿತ್ತು. ಮೊದಲ ಗುಮಾನಿ ತಪ್ಪಾಗಿತ್ತು. ಆದರೆ ಸತ್ತ ಮಂಗದ ರಕ್ತವನ್ನು ಪರೀಕ್ಷೆಗೆ ಒಯ್ದದ್ದರಿಂದಲೇ ಸರಿಯಾದ ಉತ್ತರ ಸಿಕ್ಕಿತು.

ಜಪಾನಿನ ಮಿನಾಮಾಟದ ಕತೆ ಇದಕ್ಕಿಂತ ಕ್ರೂರ. 1950ರ ದಶಕದಲ್ಲಿ ಆ ಕಡಲತೀರದ ಊರಿನ ಬೆಕ್ಕುಗಳು ಹುಚ್ಚು ಹಿಡಿದಂತೆ ಕುಣಿಯುತ್ತ, ತೂರಾಡುತ್ತ ಸತ್ತವು. ಜನ ಅದನ್ನು 'ಬೆಕ್ಕಿನ ಕುಣಿತದ ರೋಗ' ಎಂದರು. 1956ರಲ್ಲಿ ಮಕ್ಕಳಲ್ಲಿಯೂ ಅದೇ ಲಕ್ಷಣ ಕಂಡಿತು. ಅಲ್ಲಿನ ರಾಸಾಯನಿಕ ಕಾರ್ಖಾನೆಯ ಆಸ್ಪತ್ರೆಯ ವೈದ್ಯ ಹೊಸೊಕಾವ ಅವರು 1959ರಲ್ಲಿ ಕಾರ್ಖಾನೆಯ ಕೊಳಚೆಯನ್ನು ಒಂದು ಬೆಕ್ಕಿನ ಆಹಾರಕ್ಕೆ ಬೆರೆಸಿ ಕೊಟ್ಟರು. ಅದರ ಸಂಖ್ಯೆ 400. ಅದೂ ಕುಣಿಯತೊಡಗಿತು. ಕೊಳಚೆಯಲ್ಲಿದ್ದ ಪಾದರಸ ಮೀನಿಗೆ, ಮೀನಿನಿಂದ ಬೆಕ್ಕಿಗೆ, ಮನುಷ್ಯನಿಗೆ ಸೇರುತ್ತಿತ್ತು. ಕಾರ್ಖಾನೆ ಆ ಫಲಿತಾಂಶವನ್ನು ಮುಚ್ಚಿಟ್ಟಿತು. ಬೆಕ್ಕು ಸಾಕ್ಷಿ ಹೇಳಿತ್ತು, ಆದರೆ ಅದನ್ನು ಕೇಳಿಸಿಕೊಂಡವರಿಗೆ ಬಾಯಿ ತೆರೆಯುವ ಅವಕಾಶವಿರಲಿಲ್ಲ.

ಸಿಹಿಯ ಲೆಕ್ಕ

ಇನ್ನು ಮನೆಯೊಳಗಿನ ವಿಷಗಳಿಗೆ ಬರೋಣ. ಇವುಗಳಲ್ಲೊಂದರ ಹುಟ್ಟೇ ಒಂದು ಸತ್ತ ದನದಿಂದ. 1920ರ ದಶಕದಲ್ಲಿ ಅಮೆರಿಕ ಮತ್ತು ಕೆನಡಾದಲ್ಲಿ ಬೂಸ್ಟು ಹಿಡಿದ ಒಂದು ಬಗೆಯ ಸಿಹಿ ಹುಲ್ಲು ತಿಂದ ದನಗಳು ರಕ್ತಸ್ರಾವದಿಂದ ಸಾಯುತ್ತಿದ್ದವು. 1933ರ ಚಳಿಗಾಲದಲ್ಲಿ ವಿಸ್ಕಾನ್ಸಿನ್ನಿನ ರೈತನೊಬ್ಬ ಸತ್ತ ದನ, ಹೆಪ್ಪುಗಟ್ಟದ ರಕ್ತ ತುಂಬಿದ ಕ್ಯಾನು, ಆ ಹುಲ್ಲು ಮೂರನ್ನೂ ಹೇರಿಕೊಂಡು ಹಿಮದಲ್ಲಿ ವಿಶ್ವವಿದ್ಯಾಲಯದ ಬಾಗಿಲಿಗೆ ಬಂದ. ಕಾರ್ಲ್ ಪಾಲ್ ಲಿಂಕ್ ಎಂಬ ವಿಜ್ಞಾನಿ ಅದರ ಬೆನ್ನು ಹತ್ತಿದರು. ಅದರಿಂದ 1948ರಲ್ಲಿ ವಾರ್ಫರಿನ್ ಎಂಬ ಇಲಿ ಮದ್ದು ಬಂತು. ಮುಂದೆ ಅದೇ ವಾರ್ಫರಿನ್ ಹೃದಯರೋಗಿಗಳ ರಕ್ತ ತೆಳುಮಾಡುವ ಮಾತ್ರೆಯೂ ಆಯಿತು. ಇಂದು ನಮ್ಮ ಅಂಗಡಿಗಳಲ್ಲಿ ಸಿಗುವ ಬ್ರೋಮಾಡಿಯೋಲೋನ್ ಬಿಲ್ಲೆಗಳು ಅದರದೇ ಸಂತತಿ. ಸತ್ತ ದನದಿಂದ ಇಲಿಯ ವಿಷ, ಇಲಿಯ ವಿಷದಿಂದ ಮನುಷ್ಯನ ಮದ್ದು, ಮದ್ದು ತಿಂದ ಇಲಿಯಿಂದ ಮತ್ತೆ ಬೆಕ್ಕಿನ ಸಾವು. ವಿಷ ಯಾವತ್ತೂ ಇಟ್ಟ ಜಾಗದಲ್ಲೇ ನಿಲ್ಲುವುದಿಲ್ಲ.

1958ರ ಏಪ್ರಿಲ್‌ನಲ್ಲಿ ಅದು ಮನುಷ್ಯರ ಅಡುಗೆಮನೆಗೇ ಬಂತು. ಮುಂಬಯಿಯಿಂದ ಕೊಚ್ಚಿಗೆ ಹೋದ ಹಡಗಿನಲ್ಲಿ ಹಿಟ್ಟಿನ ಮೂಟೆಗಳ ಜತೆ ಫಾಲಿಡಾಲ್ ಎಂಬ ಕೀಟನಾಶಕವನ್ನೂ ಹೇರಿದ್ದರು. ಸೋರಿದ ವಿಷ ಹಿಟ್ಟಿಗೆ ಬೆರೆಯಿತು. ಕೇರಳದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಆ ದುರಂತದ ತನಿಖೆಯ ಫಲವೇ 1968ರ ಕೀಟನಾಶಕ ಕಾಯ್ದೆ. ಪೊಟ್ಟಣದ ಮೇಲೆ ನಾವು ನೋಡುವ ಕೆಂಪು, ಹಳದಿ, ನೀಲಿ, ಹಸಿರು ಗುರುತುಗಳು ಅದರ ನಿಯಮಗಳಿಂದ ಬಂದವು. ಕೆಂಪು ಅತ್ಯಂತ ವಿಷಕಾರಿ, ಹಸಿರು ಎಲ್ಲಕ್ಕಿಂತ ಕಡಿಮೆ. ನೂರಕ್ಕೂ ಹೆಚ್ಚು ಜೀವಗಳ ಬೆಲೆ ತೆತ್ತು ಪಡೆದ ಆ ಪುಟ್ಟ ಗುರುತನ್ನು ನಾವು ಎಷ್ಟು ಜನ ನೋಡಿ ಕೊಳ್ಳುತ್ತೇವೆ?

ನಮ್ಮ ಬಾಲ್ಯದ ಮನೆಗಳಲ್ಲಿ ಗಮಾಕ್ಸಿನ್ ಪುಡಿ ಇರುತ್ತಿತ್ತು. ಇರುವೆ ಸಾಲಿಗೆ, ಮಂಚದ ಸಂದಿಗೆ, ಕೋಳಿ ಗೂಡಿಗೆ, ಎಲ್ಲಕ್ಕೂ ಅದೇ. ಮಲೇರಿಯಾ ಇಲಾಖೆಯವರು ಬಂದು ಗೋಡೆಗೆ ಡಿಡಿಟಿ ಹೊಡೆದು ಬಾಗಿಲ ಮೇಲೆ ತಾರೀಖು ಬರೆದು ಹೋಗುತ್ತಿದ್ದರು. 1953ರಲ್ಲಿ ಶುರುವಾದ ಆ ಕಾರ್ಯಕ್ರಮ ಲಕ್ಷಾಂತರ ಜೀವ ಉಳಿಸಿತೆಂಬುದು ನಿಜ. ಆ ವಿಷಗಳು ಮಣ್ಣಿನಲ್ಲಿ, ಹಾಲಿನಲ್ಲಿ, ಕೊಬ್ಬಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆಂಬುದೂ ಅಷ್ಟೇ ನಿಜ. ಆಮೇಲೆ ಜಿರಳೆಗೂ ಸೊಳ್ಳೆಗೂ ಡೈಕ್ಲೋರ್ವಾಸ್ ಬಂತು; ಅದರ ಬಳಕೆಯನ್ನು ಭಾರತದಲ್ಲಿ 2020ರ ಡಿಸೆಂಬರ್ 31ರಿಂದ ನಿಲ್ಲಿಸಲಾಗಿದೆ. ಗೆರೆ ಎಳೆಯುವ ಚಾಕು ಬಂತು. ಗೋದಿಹಿಟ್ಟು, ಸಕ್ಕರೆ, ಬೋರಿಕ್ ಪುಡಿ ಕಲಸಿ ಉಂಡೆ ಮಾಡಿ ಒಲೆಯ ಹಿಂದಿಡುವ ನಮ್ಮ ಅಮ್ಮಿಯ ವಿದ್ಯೆಯಂತೂ ಇದ್ದೇ ಇತ್ತು.

ಈಗಿನ ಜೆಲ್ಲು ಆ ಉಂಡೆಯ ಮೊಮ್ಮಗ. ಇಡೀ ಮನೆಗೆ ವಿಷ ಹೊಡೆಯುವ ಬದಲು ಜಿರಳೆಗೆ ರುಚಿಯಾದ ಸಿಹಿಯಲ್ಲಿ ಕಿಂಚಿತ್ತು ವಿಷವಿಟ್ಟು, ಸಂದಿಯಲ್ಲಿ ಚುಕ್ಕೆಯಷ್ಟು ಹಚ್ಚುವುದು. ಅದನ್ನು ತಿಂದ ಜಿರಳೆ ಗೂಡಿಗೆ ಹೋಗಿ ಸಾಯುತ್ತದೆ. ಅದರ ಹಿಕ್ಕೆಯನ್ನೂ ಹೆಣವನ್ನೂ ತಿಂದ ಬೇರೆ ಜಿರಳೆಗಳೂ ಸಾಯುತ್ತವೆ. ಜಿರಳೆಯೇನು ದಡ್ಡ ಪ್ರಾಣಿಯಲ್ಲ. ಅಮೆರಿಕದಲ್ಲಿ ಕೆಲವು ಜಿರಳೆ ಕುಲಗಳು ಈ ಆಮಿಷದಲ್ಲಿದ್ದ ಗ್ಲೂಕೋಸ್ ಸಿಹಿಯನ್ನೇ ತಿರಸ್ಕರಿಸುವಂತೆ ಬದಲಾಗಿವೆಯೆಂದು 1993ರಲ್ಲಿ ವರದಿಯಾಯಿತು. ಸಿಹಿಯ ಹಿಂದೆ ಸಾವಿದೆಯೆಂದು ಒಂದು ಹುಳು ತನ್ನ ವಂಶಕ್ಕೆ ಕಲಿಸಿಬಿಟ್ಟಿತ್ತು.

ಹಾಗಾದರೆ ಈ ಜೆಲ್ಲು ಬೆಕ್ಕನ್ನು ಕೊಲ್ಲಬಲ್ಲದೇ? ಸ್ವಲ್ಪ ಲೆಕ್ಕ ಮಾಡೋಣ. ಫಿಪ್ರೊನಿಲ್ ಎಂಬ ವಿಷದ ಜೆಲ್ಲಿನಲ್ಲಿ ಅದರ ಪ್ರಮಾಣ ಶೇ. 0.05. ಮೂವತ್ತು ಗ್ರಾಮಿನ ಇಡೀ ಕೊಳವೆಯಲ್ಲಿ 15 ಮಿಲಿಗ್ರಾಂ. ನಾಲ್ಕು ಕಿಲೋ ತೂಗುವ ಬೆಕ್ಕು ಕೊಳವೆಯನ್ನೆಲ್ಲ ನುಂಗಿದರೂ ಕಿಲೋ ತೂಕಕ್ಕೆ 4 ಮಿಲಿಗ್ರಾಂ ಆಗುವುದಿಲ್ಲ. ಪ್ರಯೋಗದ ಇಲಿಗಳಲ್ಲಿ ಅರ್ಧದಷ್ಟನ್ನು ಕೊಲ್ಲುವ ಪ್ರಮಾಣ ಕಿಲೋಗೆ 97 ಮಿಲಿಗ್ರಾಂ. ಇದೇ ಫಿಪ್ರೊನಿಲ್ಲನ್ನು ಚಿಗಟಕ್ಕೆಂದು ಬೆಕ್ಕಿನ ಕುತ್ತಿಗೆಗೆ ಪಶುವೈದ್ಯರೇ ಹಾಕಿಸುತ್ತಾರೆ. ಇಮಿಡಾಕ್ಲೋಪ್ರಿಡ್ ಜೆಲ್ಲಿನಲ್ಲಿ ವಿಷ ಶೇ. 2.15, ಮೂವತ್ತು ಗ್ರಾಮಿನ ಕೊಳವೆಯಲ್ಲಿ 645 ಮಿಲಿಗ್ರಾಂ. ಇಡೀ ಕೊಳವೆ ನಾಯಿಮರಿಯ ಬಾಯಿಗೆ ಸಿಕ್ಕರೆ ಅದು ನಗುವ ವಿಷಯವಲ್ಲ. ಆದರೆ ಕಪಾಟಿನ ಸಂದಿಗೆ ಹಚ್ಚುವ ಒಂದು ಚುಕ್ಕೆಯಲ್ಲಿ ಇರುವುದು ಸುಮಾರು 2 ಮಿಲಿಗ್ರಾಂ. ಇಲಿಯ ಲೆಕ್ಕ ಬೆಕ್ಕಿಗೆ ನೇರವಾಗಿ ಹೊಂದುವುದಿಲ್ಲ ಎಂಬ ಎಚ್ಚರಿಕೆಯನ್ನೂ ಸೇರಿಸಬೇಕು. ಆದರೂ ಟೀಚರಮ್ಮನವರ ಅಡುಗೆಮನೆಯ ಚುಕ್ಕೆಗಳು ನಮ್ಮ ಮಾನೊವನ್ನು ಹಾಗೆ ನಡುಗಿಸುವುದು ಕಷ್ಟವಿತ್ತು. ಈ ಲೆಕ್ಕ ಆ ಬೆಳಿಗ್ಗೆ ನಮಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಗುಮಾನಿ ಮಾತ್ರ.

ಎರಡು ಗುಮಾನಿಗಳು

ಗುಮಾನಿಯೆಲ್ಲ ತಪ್ಪೆಂದು ಹೇಳುವುದು ನಮ್ಮ ಉದ್ದೇಶವಲ್ಲ. ನಮ್ಮ ನಾಡಿನಲ್ಲಿ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಹುಟ್ಟಿದ ಎರಡು ಗುಮಾನಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

1975ರ ಸುಮಾರಿಗೆ ಶಿವಮೊಗ್ಗ ಜಿಲ್ಲೆಯ ಸಾಗರದ ಬಳಿಯ ಹಂದಿಗೋಡಿನಲ್ಲಿ ಬಡ ದಲಿತ ಕುಟುಂಬಗಳ ಜನ ಸೊಂಟ, ಮಂಡಿಗಳ ನೋವಿನಿಂದ ನಡೆಯಲಾಗದೆ ಬಾಗಿಹೋಗುತ್ತಿರುವುದು ಬೆಳಕಿಗೆ ಬಂತು. ಅವರು ಗದ್ದೆಯ ಏಡಿಗಳನ್ನು ತಿನ್ನುತ್ತಿದ್ದರು. ಗದ್ದೆಗೆ ಆಗಷ್ಟೇ ಹೊಸ ಕೀಟನಾಶಕಗಳು ಬಂದಿದ್ದವು. ಏಡಿಯ ಮೂಲಕ ವಿಷ ಸೇರಿದೆ ಎಂಬ ಶಂಕೆ ಸಹಜವಾಗಿಯೇ ಹುಟ್ಟಿತು. ನಂತರದ ಅಧ್ಯಯನಗಳು ಬೇರೆಯದೇ ಕತೆ ಹೇಳಿದವು. ಅದು ಮೂಳೆಗಳ ಬೆಳವಣಿಗೆಯನ್ನು ಕೆಡಿಸುವ, ತಲೆಮಾರಿನಿಂದ ತಲೆಮಾರಿಗೆ ಇಳಿಯುವ ವಂಶವಾಹಿ ಕಾಯಿಲೆ ಎಂಬ ತೀರ್ಮಾನಕ್ಕೆ ವಿಜ್ಞಾನಿಗಳು ಬಂದರು. ಗುಮಾನಿ ನಿಲ್ಲಲಿಲ್ಲ, ನೋವು ಮಾತ್ರ ಉಳಿಯಿತು.

ಅದೇ ದಶಕದ ಕೊನೆಯಲ್ಲಿ, ಕಾಸರಗೋಡಿನ ಎಣ್ಮಕಜೆಯ ಪಡ್ರೆ ಗ್ರಾಮದಲ್ಲಿ ಕರುಗಳು ಕೈಕಾಲು ಸೊಟ್ಟಗಾಗಿ ಹುಟ್ಟಿದವು. ಅಲ್ಲೇ ಮೇಲಿನ ಗುಡ್ಡಗಳ ಸರಕಾರಿ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಗುತ್ತಿತ್ತು. ಕನ್ನಡದ ಕೃಷಿ ಪತ್ರಕರ್ತ ಶ್ರೀಪಡ್ರೆಯವರು 1979ರ ಹೊತ್ತಿಗೇ ಈ ಕರುಗಳ ಬಗ್ಗೆ ಬರೆದು ಎಚ್ಚರಿಸಿದರು. ಯಾರೂ ಕೇಳಲಿಲ್ಲ. ಕರುಗಳ ನಂತರ ಮಕ್ಕಳ ಸರದಿ ಬಂತು. ಅಲ್ಲಿಯೇ ವೈದ್ಯರಾಗಿದ್ದ ವೈ.ಎಸ್. ಮೋಹನಕುಮಾರ್ ಅವರು ತಮ್ಮ ಬಳಿ ಬರುವ ರೋಗಿಗಳಲ್ಲಿ ಕಂಡ ವಿಚಿತ್ರ ಕಾಯಿಲೆಗಳನ್ನು ಮನೆಮನೆಯ ಲೆಕ್ಕವಾಗಿ ಬರೆದಿಟ್ಟರು. ವಿಷ ಬಿದ್ದ ಆ ಜಾಗಗಳಲ್ಲೊಂದರ ಹೆಸರು ಸ್ವರ್ಗ! 2000ದ ಕೊನೆಯಲ್ಲಿ ಆಕಾಶದ ಸಿಂಪಡಣೆ ನಿಂತಿತು. ವಾದವಿವಾದಗಳು, ಸಮಿತಿಗಳು, ಮರುಸಮಿತಿಗಳು ನಡೆದವು. ದಕ್ಷಿಣ ಕನ್ನಡದ ಕೊಕ್ಕಡದ ಸುತ್ತಲಿನ ಗೇರು ತೋಟಗಳ ಬದಿಯಲ್ಲಿಯೂ ಅದೇ ಸಂಕಟ ಕಂಡಿತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶಾದ್ಯಂತ ಎಂಡೋಸಲ್ಫಾನನ್ನು ನಿಲ್ಲಿಸಿತು. 2017ರ ಜನವರಿಯಲ್ಲಿ ಕೇರಳದ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು. ಕರು ಹೇಳಿದ ಸಾಕ್ಷಿಯನ್ನು ನ್ಯಾಯಾಲಯ ಕೇಳಿಸಿಕೊಳ್ಳಲು ಮೂವತ್ತು ವರ್ಷಗಳ ಮೇಲೆ ಬೇಕಾಯಿತು.

ಹಂದಿಗೋಡು, ಪಡ್ರೆ ಎರಡರಲ್ಲೂ ಜನ ಶಂಕಿಸಿದ್ದು ಒಂದನ್ನೇ. ಒಂದು ಕಡೆ ಶಂಕೆ ಬಿದ್ದುಹೋಯಿತು, ಇನ್ನೊಂದು ಕಡೆ ನಿಂತಿತು. ವ್ಯತ್ಯಾಸ ಶಂಕೆಯ ಬಲದಲ್ಲಿರಲಿಲ್ಲ. ಯಾರೋ ಒಬ್ಬರು ಕೂತು ಬರೆದರು, ಎಣಿಸಿದರು, ರಕ್ತ ಪರೀಕ್ಷಿಸಿದರು, ವಂಶವೃಕ್ಷ ಬಿಡಿಸಿದರು. ಗುಮಾನಿ ಬಾಗಿಲು ತಟ್ಟುವ ಕೆಲಸವನ್ನಷ್ಟೇ ಮಾಡಬೇಕು. ಒಳಗೆ ಬಂದು ತೀರ್ಪು ಕೊಡುವ ಕೆಲಸ ಅದರದಲ್ಲ. ಬಲವಿಲ್ಲದವರ ಶಂಕೆಯನ್ನು ಸರಕಾರ ಮೂವತ್ತು ವರ್ಷ ಕೇಳಿಸಿಕೊಳ್ಳುವುದಿಲ್ಲ. ನೆರೆಯವರ ಮೇಲಿನ ಶಂಕೆಯನ್ನು ನಾವು ಮೂರು ನಿಮಿಷದಲ್ಲಿ ನಂಬಿಬಿಡುತ್ತೇವೆ. ಎರಡೂ ಅನ್ಯಾಯವೇ.

ಡಬ್ಬ ವಾಪಸ್ಸು

ಪಶುವೈದ್ಯರು ಮಾನೊವನ್ನು ಮೇಜಿನ ಮೇಲೆ ಮಲಗಿಸಿಕೊಂಡು ನಮ್ಮನ್ನು ಪ್ರಶ್ನಿಸತೊಡಗಿದರು. ವಾಂತಿಯಾಯಿತೇ? ಜೊಲ್ಲು, ಭೇದಿ ಇತ್ತೇ? ಒಸಡಿನಲ್ಲಿ ರಕ್ತ ಕಂಡಿತೇ? ಅದು ಇಲಿ ಹಿಡಿಯುತ್ತದೆಯೇ? ನಾವು ಟೀಚರಮ್ಮನವರ ಜೆಲ್ಲಿನ ವಿಷಯ ಹೇಳಿದೆವು. ಅವರು ತಲೆಯಾಡಿಸಿ, "ಅದಿರಲಿ, ನೀವು ಏನಾದರೂ ಹಾಕಿದಿರಾ?" ಎಂದು ಕೇಳಿದರು.

ನಮ್ಮ ಮಗ ತಲೆ ತಗ್ಗಿಸಿದ. ಹಿಂದಿನ ರಾತ್ರಿ ಬೆಕ್ಕು ಬಹಳ ಕೆರೆದುಕೊಳ್ಳುತ್ತಿತ್ತು. ಅಂಗಡಿಯಿಂದ ನಾವೇ ತಂದಿದ್ದ ಉಣ್ಣೆಯ ಹನಿ ಮದ್ದನ್ನು ಅವನು ಕುತ್ತಿಗೆಗೆ ಪೂರ್ತಿ ಹಿಂಡಿದ್ದ. ನಾಯಿಯ ಮದ್ದು. ನಾಯಿಗೆ ಆಗುವುದು ಬೆಕ್ಕಿಗೂ ಆಗುತ್ತದೆಂದು ಅಂಗಡಿಯವರು ಹೇಳಿದ್ದರು, ನಾವೂ ನಂಬಿದ್ದೆವು. ಪೊಟ್ಟಣವನ್ನು ತರಿಸಿ ಓದಿದ ವೈದ್ಯರು ಪರ್ಮೆಥ್ರಿನ್ ಎಂಬ ಹೆಸರಿನ ಕೆಳಗೆ ಬೆರಳಿಟ್ಟರು. ಅದರ ಪಕ್ಕದಲ್ಲೇ, ಬೆಕ್ಕುಗಳಿಗೆ ಬಳಸಬಾರದು ಎಂದು ಇರುವೆಯಷ್ಟು ಅಕ್ಷರಗಳಲ್ಲಿ ಬರೆದಿತ್ತು. ಸೇವಂತಿಗೆ ಜಾತಿಯ ಹೂವಿನ ವಿಷವನ್ನು ನೋಡಿ ಮಾಡಿದ ಕೃತಕ ರಾಸಾಯನಿಕ ಅದು. ನಾಯಿಯ ಯಕೃತ್ತು, ಮನುಷ್ಯನ ಯಕೃತ್ತು ಅದನ್ನು ಒಡೆದು ಹೊರಹಾಕುತ್ತದೆ. ಬೆಕ್ಕಿನ ಯಕೃತ್ತಿಗೆ ಆ ಶಕ್ತಿ ಬಹಳ ಕಡಿಮೆ. ನಾವು ಜ್ವರಕ್ಕೆ ನುಂಗುವ ಪ್ಯಾರಸಿಟಮಾಲ್ ಬೆಕ್ಕಿಗೆ ಪ್ರಾಣಾಂತಿಕವಾಗುವುದೂ ಇಂಥ ಕಾರಣದಿಂದಲೇ.

ಮಾನೊವನ್ನು ಪಾತ್ರೆ ತೊಳೆಯುವ ಸೋಪಿನ ಬೆಚ್ಚಗಿನ ನೀರಿನಲ್ಲಿ ತೊಳೆದರು, ನಡುಕಕ್ಕೆ ಸೂಜಿಮದ್ದು ಕೊಟ್ಟರು, ಡ್ರಿಪ್ ಹಾಕಿದರು. ಮೂರನೆಯ ದಿನ ಅದು ಎದ್ದು ನಿಂತು ನಮ್ಮನ್ನು ಅಪರಿಚಿತರನ್ನು ನೋಡುವಂತೆ ನೋಡಿತು.

ಅಲ್ಲಿ ಕಾಯುತ್ತ ಕೂತಾಗ ವೈದ್ಯರಿಂದ ತಿಳಿದುಕೊಂಡ ಕೆಲವು ಮಾತುಗಳನ್ನು ಓದುಗರಿಗೂ ಹೇಳಬೇಕು. ಪ್ರಾಣಿ ನರಳುತ್ತಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಹಾಲು ಸುರಿಯಬೇಡಿ, ಅದರಿಂದಲೇ ಸಾಯಬಹುದು. ಪೊಟ್ಟಣವನ್ನು, ವಾಂತಿಯಾಗಿದ್ದರೆ ಅದರ ಸ್ವಲ್ಪ ಭಾಗವನ್ನು ಜತೆಗೆ ಒಯ್ಯಿರಿ. ರಕ್ತ ತೆಳುಮಾಡುವ ಇಲಿ ಬಿಲ್ಲೆಯ ಲಕ್ಷಣ ಕಾಣಲು ಕೆಲವು ದಿನಗಳೇ ಬೇಕು, ಅದಕ್ಕೆ ಕೆ ವಿಟಮಿನ್ ಎಂಬ ಮದ್ದಿದೆ. ಜೊಲ್ಲು, ಕಣ್ಣೀರು, ಭೇದಿ ಒಟ್ಟಿಗೆ ಕಂಡರೆ ಹೊಲದ ಔಷಧಿಯ ಶಂಕೆ, ಅದಕ್ಕೂ ಮದ್ದಿದೆ. ಸತುವಿನ ಫಾಸ್ಫೈಡ್ ಎಂಬ ಕಪ್ಪು ಪುಡಿಗೆ ಮಾತ್ರ ಪ್ರತಿಮದ್ದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ವಿಷವೆಂದು ಜನ ಹೊತ್ತು ತರುವ ಪ್ರಾಣಿಗಳೆಲ್ಲಕ್ಕೂ ವಿಷ ಬಿದ್ದಿರುವುದಿಲ್ಲ. 1978ರಲ್ಲಿ ಜಗತ್ತಿಗೆ ಪರಿಚಯವಾದ ಪಾರ್ವೊ ಎಂಬ ವೈರಾಣು ನಾಯಿಮರಿಗಳಿಗೆ ರಕ್ತಭೇದಿ ತರಿಸುತ್ತದೆ. ಬೆಕ್ಕುಗಳಿಗೂ ಅದರ ಹತ್ತಿರದ ನೆಂಟನಾದ ಒಂದು ರೋಗವಿದೆ. ಒಂದು ಲಸಿಕೆಯ ಕೊರತೆಯಿಂದ ಸತ್ತ ಮರಿಗಾಗಿ ಎಷ್ಟು ಬೀದಿಗಳಲ್ಲಿ ಎಷ್ಟು ನೆರೆಹೊರೆಯವರು ಮಾತು ಬಿಟ್ಟಿದ್ದಾರೋ!

ನಾವೂ ಅವರಲ್ಲೊಬ್ಬರಾಗಲಿದ್ದೆವು. ಒಂದು ಬೆಕ್ಕಿನ ನಡುಕ, ಒಂದು ತುಳಸಿ ಕುಂಡ, ಮೆಟ್ಟಿಲ ಮೇಲಿನ ಮನೆ, ಕೆಳಗಿನ ಮನೆ. ಇಷ್ಟರಿಂದಲೇ ಇಂದಿನ ದಿನಗಳಲ್ಲಿ ಏನೆಲ್ಲ ಕಟ್ಟಬಹುದೆಂದು ಓದುಗರಿಗೆ ನಾವು ಬಿಡಿಸಿ ಹೇಳಬೇಕಿಲ್ಲ. ಮನಸ್ಸಿನೊಳಗೆ ನಾವು ಅದನ್ನು ಕಟ್ಟಿಯೂ ಆಗಿತ್ತು. ಇಟ್ಟಿಗೆ ಒಂದೂ ನಿಜವಾಗಿರಲಿಲ್ಲ.

ಆಸ್ಪತ್ರೆಯಿಂದ ಬಂದ ದಿನ ಟೀಚರಮ್ಮ 'ಬೆಕ್ಕು ಹೇಗಿದೆಯಪ್ಪಾ?' ಎಂದು ಕೇಳಿಕೊಂಡು ಕೆಳಗಿಳಿದು ಬಂದರು. ಅದು ಕಾಣೆಯಾದದ್ದನ್ನು ಅವರು ಮೊದಲ ದಿನವೇ ಗಮನಿಸಿದ್ದರಂತೆ. ಜೆಲ್ಲು ಹಚ್ಚಿದ ಮೇಲೆ ತಮ್ಮ ಅಡುಗೆಮನೆಯ ಕಿಟಕಿಯನ್ನು ಮುಚ್ಚಿಯೇ ಇಟ್ಟಿದ್ದರಂತೆ. 'ನಿಮ್ಮ ಮಾನೊ ಒಳಗೆ ಬಂದು ನೆಕ್ಕಿಬಿಟ್ಟೀತು ಅಂತ ಭಯವಾಯಿತು' ಎಂದರು. ನಮಗೆ ಅವರ ಮುಖ ನೋಡಲಾಗಲಿಲ್ಲ.

ಅವರು ಹೋದ ಮೇಲೆ ಆ ಸ್ಟೀಲ್ ಡಬ್ಬದ ಮುಚ್ಚಳ ತೆಗೆದೆವು. ನುಚ್ಚಿನುಂಡೆ. ನಾಲ್ಕು ದಿನ ಕಳೆದು ಹಳಸಿಹೋಗಿತ್ತು. ಅಮ್ಮಿ ಏನೂ ಮಾತನಾಡದೆ ಡಬ್ಬವನ್ನು ಎರಡು ಸಲ ತೊಳೆದು ಬಿಸಿಲಿಗಿಟ್ಟರು. ಖಾಲಿ ಪಾತ್ರೆ ಹಿಂದಿರುಗಿಸುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಸಂಜೆ ಅದರಲ್ಲಿ ಸಬ್ಬಕ್ಕಿ ಖೀರು ತುಂಬಿ, ಈ ಸಲ ಮಗನ ಕೈಯಲ್ಲಿ ಕಳಿಸದೆ, ತಾವೇ ಮಂಡಿನೋವು ಹಿಡಿದುಕೊಂಡು ಮೆಟ್ಟಿಲು ಹತ್ತಿದರು.